ನಳದ ನೀರು ಮತ್ತು ನನ್ನ ನಲವತ್ತೊಂದು ಅಂಕ

ಗೆ,
ನನ್ನ ಎಡಗೈಯಲ್ಲಿ ವಿರಾಜಮಾನರಾಗಿರುವ, ನಿದ್ರೆಗೆ ಅಂಕ ಕೊಡುವ ಕೈಗಡಿಯಾರದವರಿಗೆ,

ಮಾನ್ಯರೇ,

ಬಸವಕಲ್ಯಾಣದ ಆಮ್ರಪಾಲಿ ಮಾಡುವ ಅನಂತ ವಂದನೆಗಳು. ತಾವು ರಾತ್ರಿಯಿಡೀ ಹಸಿರು ದೀಪ ಹಚ್ಚಿಕೊಂಡು ನನ್ನ ನಾಡಿ ನೋಡುತ್ತ ಕುಳಿತಿರುತ್ತೀರಿ. ಈ ಮನೆಯಲ್ಲಿ ನನ್ನ ಜೊತೆ ಎಚ್ಚರವಿರುವವರು ತಾವೊಬ್ಬರೇ ಆದ್ದರಿಂದ, ದೂರನ್ನೂ ಮೊದಲು ತಮ್ಮಲ್ಲೇ ಹೇಳಿಕೊಳ್ಳುವುದು ಮರ್ಯಾದೆ ಎಂದು ಭಾವಿಸಿದ್ದೇನೆ.

ತಾವು ನಮ್ಮ ಮನೆಗೆ ದಯಮಾಡಿಸಿದ ಕಾರಣ ತಮಗೆ ತಿಳಿದಿರಲಿಕ್ಕಿಲ್ಲ. ನಾನು ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ, ಅಲ್ಲಿನ ಅಂಗಡಿಯೊಂದರಲ್ಲಿ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತೇನೆ. ಹೋದ ತಿಂಗಳು ತೂಕಡಿಸುತ್ತಲೇ ಟೈಪ್ ಮಾಡಿ, ಪಹಣಿ ತಿದ್ದುಪಡಿಗೆಂದು ಬಂದಿದ್ದ ಗಟ್ಟಿಮುಟ್ಟಾದ ರೈತರೊಬ್ಬರ ಹೆಸರಿಗೆ 'ದಿವಂಗತ' ಎಂದು ಸೇರಿಸಿಬಿಟ್ಟೆ. ಅವರು ಅದನ್ನು ಎರಡು ಸಲ ಓದಿ, ಬೆಂಚಿನ ಮೇಲೆ ಕುಸಿದು ಕುಳಿತರು. ಅಂಗಡಿಯ ಮಾಲೀಕರಾದ ಶೈಲೇಶ ಅವರು ಸಭ್ಯರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ತಗ್ಗಿದ ದನಿಯಲ್ಲೇ ಹೇಳಿದರು.

ಈ ಸಂಗತಿ ಕೇಳಿ ನಮ್ಮ ಯಜಮಾನರಾದ ಸಂಘಪಾಲ ಅವರು ಬಹಳ ನೊಂದುಕೊಂಡರು, ನೊಂದುಕೊಂಡು ತಮ್ಮನ್ನು ಕೊಂಡು ತಂದರು. ನನ್ನ ನಿದ್ರೆ ಯಾಕೆ ಕೆಡುತ್ತದೆ ಎಂದು ತಿಳಿಯಲು ಇಂಥ ಬುದ್ಧಿವಂತ ಯಂತ್ರವೇ ಬೇಕಲ್ಲವೇ? ಪಕ್ಕದಲ್ಲೇ ಮಲಗುವ ಮನುಷ್ಯರಿಗೆ ಅದು ಹೇಗೆ ತಿಳಿಯಬೇಕು?

ನಮ್ಮ ಓಣಿಯ ನಳಕ್ಕೆ ವಾರಕ್ಕೆ ಎರಡು ಸಲ ನೀರು ಬರುತ್ತದೆ, ಅದೂ ರಾತ್ರಿ. ಯಾವ ರಾತ್ರಿ, ಎಷ್ಟು ಗಂಟೆಗೆ ಎಂಬುದು ವಾಲ್ವ್ ತಿರುಗಿಸುವವರಿಗೂ ತಿರುಗಿಸಿದ ಮೇಲೆಯೇ ತಿಳಿಯುವಂತೆ ಕಾಣುತ್ತದೆ. ಆದ್ದರಿಂದ ನಾನು ನಳವನ್ನು ತೆರೆದಿಟ್ಟು, ಅದರ ಕೆಳಗೆ ಹಿಟ್ಟು ನಾದುವ ಸ್ಟೀಲಿನ ಅಗಲ ಪರಾತವನ್ನು ಬೋರಲು ಹಾಕಿ ಮಲಗುತ್ತೇನೆ. ನೀರು ಬಿದ್ದು ಪರಾತ ಸದ್ದು ಮಾಡಿದರೆ ಎದ್ದು ಕೊಡ, ಹಂಡೆ, ಬ್ಯಾರಲ್ ಎಲ್ಲ ತುಂಬುತ್ತೇನೆ. ಸದ್ದು ಮಾಡದ ರಾತ್ರಿ, ಮಾಡಿತೇನೋ ಎಂದು ನಾಲ್ಕು ಸಲ ಏಳುತ್ತೇನೆ. ತಾವು ಇದನ್ನೆಲ್ಲ ಕಣ್ಣಾರೆ ಕಂಡು ನನಗೆ ನೂರಕ್ಕೆ ನಲವತ್ತೊಂದು ಕೊಟ್ಟಿರಿ. ಕುತೂಹಲಕ್ಕೆಂದು ಒಂದು ರಾತ್ರಿ ತಮ್ಮನ್ನು ಕಟ್ಟಿಕೊಂಡ ಯಜಮಾನರಿಗೆ ತೊಂಬತ್ತೆರಡು, ಮರುರಾತ್ರಿ ಅತ್ತೆ ದ್ರೌಪತಿಬಾಯಿಯವರಿಗೆ ಎಂಬತ್ತೊಂಬತ್ತು. ಶಾಲೆಯ ಮುಖ ಕಾಣದ ಅತ್ತೆಯವರು ಜೀವನದ ಮೊದಲ ಫಸ್ಟ್ ಕ್ಲಾಸನ್ನು ಓಣಿಯ ತುಂಬ ಹೇಳಿಕೊಂಡು ಬಂದರು.

ಇನ್ನು ತಮ್ಮ ಅಮೂಲ್ಯ ಸಲಹೆಗಳು. ಸಂಜೆಯ ಚಹಾ ಬಿಡಬೇಕು, ಕೋಣೆ ಕತ್ತಲಾಗಿರಬೇಕು, ದಿನಾ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳಬೇಕು ಎಂಬುದನ್ನೆಲ್ಲ ಶಿರಸಾವಹಿಸಿದೆ. ಆದರೆ ಗಾಢ ನಿದ್ರೆಗಾಗಿ ಹರಿಯುವ ನೀರಿನ ಸದ್ದು ಕೇಳಿರಿ ಎಂದು ತಾವು ಫೋನಿನಲ್ಲಿ ಅದನ್ನು ಹಚ್ಚಿಕೊಟ್ಟ ರಾತ್ರಿಯ ಬಗ್ಗೆ ವಿಷಾದದಿಂದ ಬರೆಯಬೇಕಾಗಿದೆ. ಕಣ್ಣು ಹತ್ತಿದ ಗಳಿಗೆಯಲ್ಲೇ ಜುಳುಜುಳು ಕಿವಿಗೆ ಬಿದ್ದು ನಾನು ಕೊಡ ಹಿಡಿದು ಓಡಿದೆ. ನನ್ನ ಕೊಡದ ಸದ್ದಿಗೆ ಪಕ್ಕದ ಮನೆಯ ಅಕ್ಬರಿ ಆಪಾ ಎದ್ದು ಮೋಟಾರ್ ಹಚ್ಚಿದರು, ಆ ಮೋಟಾರಿನ ಸದ್ದಿಗೆ ಎದುರುಮನೆಯವರು ಎದ್ದರು, ಹತ್ತು ನಿಮಿಷದಲ್ಲಿ ಓಣಿಯ ಹೆಂಗಸರೆಲ್ಲ ಒಣಗಿದ ನಳಗಳ ಮುಂದೆ ಕೊಡ ಹಿಡಿದು ನಿಂತಿದ್ದರು. ಗಂಡಸರ ನಿದ್ರೆಗೆ ಯಾವ ಭಂಗವೂ ಬರಲಿಲ್ಲವೆಂದು ತಿಳಿಸಲು ಸಂತೋಷವಾಗುತ್ತದೆ.

ಮರುದಿನ ಯಜಮಾನರನ್ನು ಕೇಳಿದೆ, ಪರಾತದ ಸದ್ದು ಅವರಿಗೆ ಒಂದು ರಾತ್ರಿಯೂ ಕೇಳಿಸುವುದಿಲ್ಲವೇ ಎಂದು. ಅವರು ಸುಳ್ಳು ಹೇಳುವ ಮನುಷ್ಯರಲ್ಲ.

"ಕೇಳಿಸ್ತದ. ನೀ ಏಳ್ತಿ ಅಂತ ಗೊತ್ತದಲ್ಲ, ಅದಕ್ಕ ಮತ್ತ ನಿದ್ದಿ ಹತ್ತತದ" ಎಂದರು.

ಮಾನ್ಯರೇ, ಹನ್ನೊಂದು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು, ಆದರೆ ಬಸ್ಸಿನ ಹೊತ್ತಾಗಿತ್ತು.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಇನ್ನೊಬ್ಬರ ಎಚ್ಚರದ ಮೇಲೆ ತೆಗೆದ ನಿದ್ರೆಗೆ ತಾವು ಇನ್ನು ಮುಂದೆ ಅಂಕ ಕಡಿತ ಮಾಡಬೇಕು, ಮತ್ತು ಯಜಮಾನರ ತೊಂಬತ್ತೆರಡರಲ್ಲಿ ನನಗೆ ಸಲ್ಲತಕ್ಕ ಪಾಲನ್ನು ನನ್ನ ಹೆಸರಿಗೆ ಮ್ಯುಟೇಶನ್ ಮಾಡಿಕೊಡಬೇಕು. ಅರ್ಜಿಯನ್ನು ನಾನೇ ಟೈಪ್ ಮಾಡಿಕೊಳ್ಳುತ್ತೇನೆ. ವಾಲ್ವ್ ತಿರುಗಿಸುವವರ ಕೈಗೆ ತಮ್ಮ ಬಂಧುಗಳೊಬ್ಬರನ್ನು ಕಟ್ಟಿ, ಅವರು ಹಗಲು ಎದ್ದಿರುವಾಗಲೇ ನೀರು ಬಿಡುವಂತೆ ಅಭ್ಯಾಸ ಮಾಡಿಸಬೇಕು. ಇದಾವುದೂ ತಮ್ಮ ಅಧಿಕಾರದಲ್ಲಿ ಇಲ್ಲದಿದ್ದರೆ, ರಾತ್ರಿ ತಾವೇ ಕೈಯಿಂದ ಇಳಿದುಹೋಗಿ ಬ್ಯಾರಲ್ ತುಂಬಿಸಿ ಬರಬೇಕಾಗಿ ಸವಿನಯ ವಿನಂತಿ.

ತಮ್ಮ ವಿಶ್ವಾಸಿ,
ಆಮ್ರಪಾಲಿ
ಬಸವಕಲ್ಯಾಣ

ವಿ.ಸೂ.: ಈ ಪತ್ರ ಬರೆದು ಮುಗಿಸಿದ ರಾತ್ರಿಯೇ ಪರಾತ ಸದ್ದು ಮಾಡಿತು. ನನಗೆ ಕೇಳಿಸಿತು. ಮಗ್ಗುಲು ಬದಲಿಸಿ ಮಲಗಿದೆ. ನೀರು ಬಂದು, ಮೋರಿಗೆ ಹರಿದು, ಹೋಯಿತು. ಬೆಳಿಗ್ಗೆ ಕಣ್ಣು ತೆರೆದರೆ ಯಜಮಾನರೂ ಅತ್ತೆಯವರೂ ಹಾಸಿಗೆಯ ಪಕ್ಕದಲ್ಲಿ ಗಾಬರಿಯಿಂದ ನಿಂತಿದ್ದರು. "ಯಾಕ, ಮೈಯಾಗ ಆರಾಮಿಲ್ಲೇನು?" ಎಂದು ಯಜಮಾನರು ನನ್ನ ಹಣೆ ಮುಟ್ಟಿ ನೋಡಿದರು. ಹನ್ನೊಂದು ವರ್ಷ ನಾನು ರಾತ್ರಿ ಎದ್ದಾಗ ಅವರು ಒಮ್ಮೆಯೂ ಕೇಳದ ಮಾತು. ಆರಾಮಾಗಿದ್ದೇನೆ ಎಂದು ಹೇಳಿ, ಯಜಮಾನರ ಒಂದೊಂದು ಕೈಗೆ ಒಂದೊಂದು ಖಾಲಿ ಕೊಡ ಕೊಟ್ಟು, ಹುಮನಾಬಾದಿನ ಬಸ್ಸು ಹತ್ತಿದೆ.