ಖಾನೆಗೆ ಬೀಳದ ಅಂಕಿಗಳು

ಫೈಲಿನಲ್ಲಿರುವ ಅಂಕಿಗಳನ್ನು ಓದಿ ಅರೇಗೆ ತುಂಬುವುದು, ಅಂದರೆ ನಂಬರು ಹಾಕಿದ ಖಾನೆಗಳಲ್ಲಿ ಒಂದೊಂದಾಗಿ ಇಡುವುದು, ಪುಸ್ತಕದಲ್ಲಿ ಅರ್ಧ ಪುಟದ ಪಾಠ. ಎಂಬತ್ತರ ದಶಕದ ಕೊನೆಯಲ್ಲಿ ಕಡೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಅದನ್ನು ಹೇಳಿಕೊಡುತ್ತಿದ್ದವನು ನಾನು. ಆ ಅರ್ಧ ಪುಟ ದಿನಕ್ಕೊಂದು ಹೊಸ ರೀತಿಯಲ್ಲಿ ನನ್ನ ಪ್ರಾಣ ತಿನ್ನುತ್ತಿತ್ತು.

ಒಂದರ ಕೀ

ತರೀಕೆರೆಯ ಆಫೀಸೊಂದರಿಂದ ಕಲಿಯಲು ಬರುತ್ತಿದ್ದ ಟೈಪಿಂಗ್ ಮೇಡಂ ಕಣ್ಣು ಮುಚ್ಚಿ ಟೈಪ್ ಮಾಡಬಲ್ಲವರು. ಆದರೆ ಅವರ ಫೈಲಿನ ಹನ್ನೊಂದನ್ನೆಲ್ಲ ಕಂಪ್ಯೂಟರು ಸೊನ್ನೆ ಎಂದು ಓದುತ್ತಿತ್ತು. ಊಟ ಬಿಟ್ಟು ಪ್ರೋಗ್ರಾಮ್ ಜಾಲಾಡಿದೆ. ಕೊನೆಗೆ ನೋಡಿದರೆ ಒಂದರ ಜಾಗದಲ್ಲೆಲ್ಲ ಇಂಗ್ಲಿಷಿನ ಚಿಕ್ಕ ಎಲ್!

"ನಮ್ ಟೈಪ್‌ರೈಟರ್‌ನಲ್ಲಿ ಒಂದರ ಕೀನೇ ಇಲ್ಲ ಸಾರ್. ಎಲ್ಲಾರೂ ಎಲ್ ಹೊಡಿಯೋದೇ."

"ಇದಕ್ಕೆ ಅದು ಅಕ್ಷರ ಕಣಮ್ಮಾ, ಅಂಕಿ ಅಲ್ಲ!"

"ನಮ್ ಆಫೀಸಲ್ಲಿ ಓದೋರಿಗೆಲ್ಲ ಅರ್ಥ ಆಗತ್ತೆ ಸಾರ್. ಇದನ್ನ ನೀವು ಬುದ್ಧಿವಂತ ಮಿಷನ್ ಅಂತೀರಿ!"

ಶ್ರೀ

ಅಜ್ಜಂಪುರದ ಕಿರಾಣಿ ವ್ಯಾಪಾರಿಯೊಬ್ಬರು ಸಂಜೆ ಕ್ಲಾಸಿಗೆ ಬರುತ್ತಿದ್ದರು. ಅವರ ಫೈಲಿನ ಮೊದಲ ಸಾಲಿನಲ್ಲಿ 'ಶ್ರೀ'. ಅದು ಮೊದಲ ಖಾನೆಗೆ ಸೊನ್ನೆಯಾಗಿ ಹೋಗಿ ಕೂತು, ಉಳಿದ ಅಂಕಿಗಳೆಲ್ಲ ಒಂದೊಂದು ಖಾನೆ ಮುಂದಕ್ಕೆ ಹೋಗಿದ್ದವು.

"ಮೇಲುಗಡೆ ಅದನ್ನ ಬರೀಬಾರದು ಯಜಮಾನ್ರೇ."

ಮರುದಿನ ನೋಡಿದರೆ ಒಂದು ಖಾನೆ ಹೆಚ್ಚು. ಈ ಸಲ 'ಶ್ರೀ' ಕೊನೆಯ ಸಾಲಿನಲ್ಲಿತ್ತು. ನಾನು ಹಣೆ ಚಚ್ಚಿಕೊಂಡೆ.

"ಮೇಲೆ ಬೇಡ ಅಂದ್ರಲ್ಲಾ, ಕೆಳಗಾಕ್ದೆ. ದೇವ್ರೇ ಬೇಜಾರು ಮಾಡ್ಕೊಂಡಿಲ್ಲ, ನೀವ್ಯಾಕ್ರೀ ಮಾಡ್ಕೋತೀರಿ?"

ಲಾಭ

ಕ್ಲಾಸು ಮುಚ್ಚುವ ಸ್ಥಿತಿಗೆ ಬಂದಿತ್ತು. ಕೊಬ್ಬರಿ ಮಂಡಿಯ ಸಾಹುಕಾರರ ಲೆಕ್ಕದ ಕೆಲಸ ಸಿಕ್ಕರೆ ಉಳಿಯುತ್ತಿತ್ತು. "ಅವರ ಮುಂದೆ ಇದು ಓಡ್ಲಿಲ್ಲಾಂದ್ರೆ ನೀವು ಊರಿಗೆ ಹೊರಡಿ" ಎಂದರು ಮಾಲೀಕರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಸಾಹುಕಾರರು ಬಂದು ಚೀಲದ ನಂಬರು, ತೂಕ ಕೂಗತೊಡಗಿದರು. ಮೇಡಂ ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡಿದರು. ಒಟ್ಟು ತೂಕ ಬಂತು. ಸಾಹುಕಾರರು ಬಾಯಿಲೆಕ್ಕ ಹಾಕಿ, "ಒಂದು ಚೀಲ ಕಮ್ಮಿ!" ಎಂದರು.

ಫೈಲು ತೆಗೆದೆ. ಮಂಡಿಯಲ್ಲಿ ಎಣಿಕೆ ಶುರುಮಾಡುವಾಗ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಮೇಡಂ ಅದನ್ನೇ ಹೊಡೆದಿದ್ದರು. ನಂಬರಲ್ಲದ್ದು ಸೊನ್ನೆಯಾಗಿ, ಚೀಲದ ನಂಬರೇ ಖಾನೆಯ ನಂಬರಾದ್ದರಿಂದ ಆ ಚೀಲ ಸೊನ್ನೆಯ ಖಾನೆಗೆ ಬಿದ್ದು, ಒಂದರಿಂದ ಕೂಡುವ ನನ್ನ ಪ್ರೋಗ್ರಾಮಿಗೆ ಸಿಕ್ಕಿರಲಿಲ್ಲ.

"ಲಾಭಾನೇ ನುಂಗೋ ಮಿಷನ್ನು ನಮ್ಗ್ಯಾಕ್ರೀ?" ಎಂದು ಸಾಹುಕಾರರು ಎದ್ದರು.

"ದಯವಿಟ್ಟು 'ಒಂದು' ಅನ್ನಿ ಸ್ವಾಮಿ!"

"ನಾನ್ಯಾಕ್ ಅನ್ಲಿ? ನೀವು ಮೇಷ್ಟ್ರು, ಅದಕ್ಕೇ ಕಲಿಸ್ರೀ."

'ಲಾಭ' ಬಂದರೆ ಒಂದು ಎಂದು ತಿಳಿ, ಅಂತ ಪ್ರೋಗ್ರಾಮಿಗೆ ಸೇರಿಸಿದೆ. ಲೆಕ್ಕ ಸರಿಹೋಯಿತು. ಕೆಲಸ ನಮಗೇ ಸಿಕ್ಕಿತು. ಅದೇ ಧೈರ್ಯದಲ್ಲಿ ಮಾಲೀಕರನ್ನು ಸಂಬಳ ಹೆಚ್ಚಿಸಲು ಕೇಳಿದೆ.

"ಲಾಭ ಬಂದಷ್ಟೂ ನಿಮಗೇ ಕೊಡ್ತೀನಿ ಕಣ್ರೀ" ಎಂದರು ಅವರು, ಬರುವುದಿಲ್ಲವೆಂಬ ಧೈರ್ಯದಲ್ಲಿ.

ಆ ತಿಂಗಳ ಸಂಬಳದ ಕವರಿನಲ್ಲಿ ಒಂದು ರೂಪಾಯಿ ಹೆಚ್ಚಿಗೆ ಇತ್ತು.

"ನೀವೇ ಬರೆದಿದೀರಲ್ರೀ," ಎಂದರು, "ಲಾಭ ಅಂದ್ರೆ ಒಂದು ಅಂತ!"