ಕಿಕ್ಕೇರಿಯವಳು ಕೆನಡಾದಲ್ಲಿ ಕೆಲಸ ಕೇಳಿದ್ದು

ಕೆಲಸ ಕೇಳಿಕೊಂಡು ನಾನು ಎಲ್ಲಿಗೇ ಹೋಗಲಿ, ಅಲ್ಲೊಂದು ಫಜೀತಿ ಮಾಡಿಕೊಳ್ಳದೆ ವಾಪಸ್ ಬಂದಿದ್ದೇ ಇಲ್ಲ. ಈ ಸಲ ರಜಕ್ಕೆ ಬಂದಾಗ ಪಾಲಹಳ್ಳಿಯ ನಮ್ಮತ್ತೆ ಮನೆ ಜಗುಲಿ ಮೇಲೆ ಬೀದಿ ಹೆಂಗಸರೆಲ್ಲ ಸುತ್ತ ಕೂತು, "ಅದೇನವ್ವ ಅದು, ಇನ್ನೊಂದ್ಸಲ ಯೋಳು" ಅಂತ ಹೇಳಿಸಿಕೊಂಡು ಹೇಳಿಸಿಕೊಂಡು ನಕ್ಕರು. ನಗಲಿ ಬುಡಿ. ಆಗ ನಾನು ಅತ್ತಿದ್ದು ಇವರಿಗೇನು ಗೊತ್ತು?

ನನ್ನ ತವರು ಕಿಕ್ಕೇರಿ. ಕೆ.ಆರ್. ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಮ್ಮ ಯಜಮಾನರು ಪಾಂಡವಪುರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು, ಯಾರದೋ ಕೈ ಕಾಲು ಹಿಡಿದು ಕೆನಡಾದ ಒಂದು ಸಣ್ಣ ಊರಿನ ಗ್ಯಾರೇಜು ಸೇರಿಕೊಂಡರು. ಹಿಂದೆಯೇ ನಾನೂ ಹೋದೆ. ಹೆಸರಿಗೆ ಅದೂ ಸಿಟಿಯೇ. ಶ್ರೀರಂಗಪಟ್ಟಣದಲ್ಲಿ ಒಂದು ಬಸ್ಸಿಗೆ ನುಗ್ಗುವಷ್ಟು ಜನ ಅಲ್ಲಿ ಇಡೀ ರಸ್ತೆ ಹುಡುಕಿದರೂ ಸಿಗಲ್ಲ. ಇವರು ಬೆಳಕು ಹರಿಯೋ ಮುಂಚೆ ಹೋಗೋರು, ಬಂದು ಉಂಡು ಮಲಗೋರು. ಅವ್ವನಿಗೆ ಫೋನ್ ಮಾಡೋಣ ಅಂದರೆ ನನಗೆ ಹಗಲಾದಾಗ ಅವಳಿಗೆ ರಾತ್ರಿ. ಫ್ರಿಜ್ಜು ಗುರ್ ಅಂದರೆ "ಏನಪ್ಪಾ?" ಅನ್ನೋ ಮಟ್ಟಕ್ಕೆ ಬಂದಿದ್ದೆ ನಾನು.

ಒಂದು ದಿನ ಇವರು ಅದನ್ನು ಕೇಳಿಸಿಕೊಂಡುಬಿಟ್ಟರು. "ನೋಡಮ್ಮಿ, ಮಂಜು ಬೀಳೋದ್ರೊಳಗೆ ಎಲ್ಲಾದ್ರೂ ಒಂದು ಕೆಲ್ಸ ನೋಡ್ಕೊ. ಇಲ್ದೇ ಇದ್ರೆ ಊರಿಗೆ ಕಳಿಸ್ಬುಡ್ತೀನಿ. ಮಂಜು ಬಿದ್ಮೇಲೆ ಬಾಗ್ಲೂ ತೆಗ್ಯಕಾಗಲ್ಲ, ನೀನು ಮಂಕಾಗ್ಬುಡ್ತೀಯ" ಅಂದರು. ಇವರನ್ನು ಬಿಟ್ಟು ಊರಿಗೆ ಹೋಗಲು ನನಗೆ ಮನಸ್ಸಿಲ್ಲ. ಬಾಗಿಲು ಹಾಕಿಕೊಂಡು ಇಲ್ಲಿ ಕೂರಲು ಧೈರ್ಯವಿಲ್ಲ. ಕೆಲಸ ಸಿಗಲೇಬೇಕಿತ್ತು.

೧. ಬ್ಯಾಡ ಬುಡಿ

ಮೊದಲು ಹೋಗಿದ್ದು ಒಂದು ಬೇಕರಿಗೆ. ಒಡತಿ ಒಳ್ಳೆಯವಳು. ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಅಂದಳು. "ಪರವಾಗಿಲ್ಲ" ಅಂದೆ. ನಿಂತೇ ಇದ್ದೆ. "ಕಾಫಿ?" ಅಂದಳು. "ಬೇಡ" ಅಂದೆ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ. ಬಿಸಿ ಬನ್ನು ತಂದಿಟ್ಟಳು. ಅದಕ್ಕೂ "ಬೇಡ ಬೇಡ, ಈಗ ತಿಂದು ಬಂದೆ" ಅಂದೆ.

ನಮ್ಮ ಕಡೆ ಮರ್ಯಾದೆ ಅಂದರೆ ಅದೇ ತಾನೆ? ನಾಗಮಂಗಲದ ಚಿಕ್ಕಮ್ಮನ ಮನೆಗೆ ಹೋದರೆ ನಾನು ಬ್ಯಾಡ ಬ್ಯಾಡ ಅನ್ನಬೇಕು, ಅವಳು ರಟ್ಟೆ ಹಿಡಿದು ಎಳೆದು ತಟ್ಟೆ ಮುಂದೆ ಕೂರಿಸಬೇಕು. ಮೊದಲನೇ ಸಲಕ್ಕೇ "ಹಾಕು" ಅಂದವಳನ್ನು "ಏನು ಬಕಾಸುರಿಯವ್ವಾ" ಅಂದುಬಿಡುತ್ತಾರೆ.

ಬೇಕರಿಯವಳು ನನ್ನ ಕೈ, ಉಗುರು ಎಲ್ಲ ನೋಡಿ, ಎರಡು ಮಾತು ಕೇಳಿ, ನಕ್ಕು, "ಸೋಮವಾರದಿಂದ ಬರ್ತೀರಾ?" ಅಂದಳು. ನನ್ನ ಹಾಳು ನಾಲಿಗೆ ಅದೇ ಜಾಡಿನಲ್ಲಿತ್ತು. "ಅಯ್ಯೋ, ಬೇಡ ಬಿಡಿ, ನಿಮಗ್ಯಾಕೆ ತೊಂದರೆ" ಅಂದುಬಿಟ್ಟೆ.

"ಸರಿ, ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್" ಅಂದಳು.

ಇನ್ನೊಂದು ಸಲ ಕೇಳುತ್ತಾಳೆ ಅಂತ ಬಾಗಿಲ ಹತ್ತಿರ ನಿಂತೆ. ಕೇಳಲಿಲ್ಲ. ಹೊರಗೆ ಬಂದು ಗಾಜಿನ ಆಚೆ ನಿಂತೆ. ಅವಳು ಒಳಗಿನಿಂದ ಟಾಟಾ ಮಾಡಿದಳು. ನಾನೂ ಟಾಟಾ ಮಾಡಿ ಅಳುತ್ತಾ ಮನೆಗೆ ಬಂದೆ.

ಇವರು ಕೇಳಿ ಹಣೆ ಚಚ್ಚಿಕೊಂಡರು. "ಅಲ್ಲ ಕಣಮ್ಮಿ, ಕೆಲ್ಸ ಏನು ಮುದ್ದೆನಾ? ಇನ್ನರ್ಧ ಆಕ್ತೀನಿ ತಗಳಿ ತಗಳಿ ಅಂತ ಬಡ್ಸಕೆ?"

೨. ಕಳೆ

ಆಮೇಲೆ ಒಂದು ದೊಡ್ಡ ಹೋಟೆಲಿನ ಹೂದೋಟ. ಅಲ್ಲಿನ ಮೇಲ್ವಿಚಾರಕ ಒಂದು ಪಾತಿ ತೋರಿಸಿ, "ಇದರ ಕಳೆ ತೆಗೆದಿಡಿ, ಮಧ್ಯಾಹ್ನ ಬಂದು ನೋಡ್ತೀನಿ, ಚೆನ್ನಾಗಿದ್ರೆ ನಾಳೆಯಿಂದ ಕೆಲಸ" ಅಂದು ಹೋದ. ಕಳೆ ಕೀಳೋದು ನನಗೆ ಯಾರು ಹೇಳಿಕೊಡಬೇಕು? ಸೆರಗು ಸಿಕ್ಕಿಸೋಕೆ ಸೀರೆ ಇರಲಿಲ್ಲ, ಪ್ಯಾಂಟನ್ನೇ ಮಡಿಚಿಕೊಂಡು ಕೂತೆ.

ನೋಡುತ್ತೇನೆ, ಪಾತಿ ತುಂಬ ಗೋಣಿಸೊಪ್ಪು! ದಪ್ಪ ದಪ್ಪ ಎಲೆ, ಕೆಂಪು ದಂಟು, ನೆಲಕ್ಕೆ ಹರಡಿಕೊಂಡು ಮಲಗಿದೆ. ಊರು ಬಿಟ್ಟಮೇಲೆ ಸೊಪ್ಪಿನ ಮುಖ ನೋಡಿರಲಿಲ್ಲ ನಾನು. ಅದರ ಮಧ್ಯೆ ಮಧ್ಯೆ ಏನೋ ಸಣ್ಣ ಸಣ್ಣ ಗಿಡ, ವಾಸನೆಯಿಲ್ಲ, ತಿನ್ನೋಕೆ ಬರಲ್ಲ. ಅದನ್ನೆಲ್ಲ ಬೇರು ಸಮೇತ ಕಿತ್ತು ಗುಡ್ಡೆ ಹಾಕಿದೆ. ಗೋಣಿಸೊಪ್ಪಿಗೆ ಮಣ್ಣು ಕೊಟ್ಟು, ನೀರು ಹಾಕಿ, ಓರಣ ಮಾಡಿದೆ.

ಮೇಲ್ವಿಚಾರಕ ಬಂದವನು ತಲೆ ಮೇಲೆ ಕೈ ಹೊತ್ತು ನಿಂತ. ಕಿತ್ತು ಹಾಕಿದ್ದು ಹೂವಿನ ಸಸಿಯಂತೆ. "ನೀನು ನೀರು ಹಾಕಿದ್ದೀಯಲ್ಲ, ಅದು ಕಳೆ" ಅಂದ.

"ಸಾರ್, ಇದನ್ನ ಬೇಳೆ ಜೊತೆ ಬೇಯಿಸಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ..." ಅಂತ ನಾನು ಶುರು ಮಾಡಿದೆ. ಅವನು ಒಂದು ದೊಡ್ಡ ಚೀಲ ತಂದುಕೊಟ್ಟು, "ಎಲ್ಲಾ ತಗೊಂಡು ಹೋಗು. ನಾಳೆ ಬರಬೇಡ" ಅಂದ.

ಅವತ್ತು ಮಸ್ಸೊಪ್ಪು ಮಾಡಿದೆ. ಉಣ್ಣುವಾಗ ಅವ್ವನ ನೆನಪಾಗಿ ನನಗೆ ತುತ್ತು ಇಳಿಯಲಿಲ್ಲ. ಇವರು ಮಾತ್ರ ತಟ್ಟೆ ನೆಕ್ಕಿ, "ನಾಳಿಕೆ ಇನ್ನೊಂದು ಓಟ್ಲು ನೋಡು" ಅಂದರು.

೩. ಕಾಲುಚೀಲ

ಬಟ್ಟೆ ಅಂಗಡಿಯಲ್ಲಿ ಒಂದು ದಿನ ಕೆಲಸ ಮಾಡಿಸಿ ನೋಡುತ್ತೇವೆ ಅಂದರು. ಇದು ನನ್ನ ಕಸುಬು, ಇಲ್ಲಿ ಯಾವನೂ ನನ್ನನ್ನು ಅಲ್ಲಾಡಿಸೋಕಾಗಲ್ಲ ಅಂದುಕೊಂಡೆ. ಕೆ.ಆರ್. ಪೇಟೆ ಅಂಗಡಿಯಲ್ಲಿ ನಮ್ಮ ಸಾಹುಕಾರರ ಕಟ್ಟುನಿಟ್ಟು ಹೇಗಿತ್ತೆಂದರೆ, ಒಳಗೆ ಬಂದ ಗಿರಾಕಿ ಬರಿಗೈಯಲ್ಲಿ ಹೋಗಕೂಡದು. ಕೂರಿಸು, ನೀರು ಕೊಡು, ಮನೆ ಸಮಾಚಾರ ಕೇಳು, ಬೀರುವಿನಲ್ಲಿರೋದೆಲ್ಲ ಇಳಿಸು.

ಒಬ್ಬ ದಪ್ಪ ಮನುಷ್ಯ ಬಂದು ಕಾಲುಚೀಲ ಕೇಳಿದ. ಕೂರಿಸಿದೆ. ಕಾಲುಚೀಲ ಇಳಿಸಿದೆ, ಕೈಗವಸು ಇಳಿಸಿದೆ, ಟೋಪಿ, ಸ್ವೆಟರ್, ಜರ್ಕಿನ್ನು ಎಲ್ಲ ಇಳಿಸಿ ಅವನ ಸುತ್ತ ಹರವಿದೆ. ಅವನಿಗೆ ಎದ್ದು ಹೋಗಲು ದಾರಿ ಇರಲಿಲ್ಲ. "ಮನೆಯವರಿಗೆ ಏನೂ ಬೇಡವಾ?" ಅಂದೆ. ಮದುವೆ ಆಗಿಲ್ಲ ಅಂದ. "ತಾಯಿಗೆ ಒಂದು ಶಾಲು?" ಅಂದೆ. ತಾಯಿ ಮೊನ್ನೆ ತೀರಿಕೊಂಡರು ಅಂದ.

ಅಯ್ಯೋ ಶಿವನೆ! ಜರ್ಕಿನ್ನಿನ ಗುಡ್ಡೆ ಸರಿಸಿ ನಾನೂ ಪಕ್ಕದಲ್ಲಿ ಕೂತೆ. ಏನಾಗಿತ್ತು, ಹೇಗಾಯಿತು ಅಂತ ಕೇಳಿದೆ. ಅವನು ಹೇಳುತ್ತಾ ಹೋದ. ಅವನೂ ಅತ್ತ, ನಾನೂ ಅತ್ತೆ. ಆ ಊರಿಗೆ ಹೋದ ಮೇಲೆ ಅಷ್ಟು ಹೊತ್ತು ನನ್ನ ಜೊತೆ ಮಾತಾಡಿದ್ದು ಅವನೊಬ್ಬನೇ. ಹಗುರಾಗಿ, ಕೈ ಕುಲುಕಿ, ಎದ್ದು ಹೋದ.

ಮ್ಯಾನೇಜರು ಬಂದು, "ಅಷ್ಟು ಹೊತ್ತು ಕೂರಿಸಿಕೊಂಡು ಏನು ಮಾರಿದೆ?" ಅಂದ. ಆಗ ನೋಡಿದರೆ ಆ ಮನುಷ್ಯ ಕಾಲುಚೀಲವನ್ನೇ ಮರೆತು ಹೋಗಿದ್ದ. ನಮ್ಮ ಸಾಹುಕಾರರ ಕಟ್ಟುನಿಟ್ಟು ಮುರಿದು ಗಿರಾಕಿ ಕೊನೆಗೂ ಬರಿಗೈಯಲ್ಲೇ ಹೋಗಿದ್ದ, ಅದೂ ನನ್ನ ದೆಸೆಯಿಂದ.

೪. "ನಿಮ್ಮ ಬಗ್ಗೆ ಹೇಳಿ"

ಇಂಟರ್‌ವ್ಯೂ ಅಂದರೆ ಅಲ್ಲಿ ಎಲ್ಲರೂ ಮೊದಲು ಕೇಳೋದು ಇದನ್ನೇ. ಆ ಊರಿನಲ್ಲಿ ಯಾರೂ ನನ್ನನ್ನು "ಯಾರಮ್ಮ ನೀನು, ಎಲ್ಲಿಯವಳು?" ಅಂತ ಕೇಳಿರಲಿಲ್ಲ. ಕೇಳಿದ್ದೇ ತಡ ಶುರು ಮಾಡುತ್ತಿದ್ದೆ. ಕಿಕ್ಕೇರಿ, ನಮ್ಮಪ್ಪ, ಹಾಲಿನ ಡೈರಿ, ನಮ್ಮ ಎಮ್ಮೆ ಒದೆಯೋದು, ಅಕ್ಕನನ್ನು ದೇವಲಾಪುರಕ್ಕೆ ಕೊಟ್ಟಿದ್ದು. ಅವರು ವಾಚು ನೋಡಿಕೊಂಡು "ಸಾಕು, ಸಾಕು" ಅನ್ನೋರು.

ಕಡೆಕಡೆಗೆ ಸಿಗಲ್ಲ ಅಂತ ಗೊತ್ತಿದ್ದ ಕೆಲಸಕ್ಕೂ ಹೋಗತೊಡಗಿದೆ. ಒಂದು ಕಡೆ ಮೇಜಿನ ಆಚೆ ಕೂತವನು, "ಲಾರಿ ಓಡಿಸೋ ಲೈಸೆನ್ಸ್ ಇದೆಯಾ?" ಅಂದ. ಇಲ್ಲ ಅಂದೆ. "ಕಾರು?" ಇಲ್ಲ. "ಸೈಕಲ್ಲಾದರೂ ಬರುತ್ತಾ?" ಬರಲ್ಲ ಅಂದೆ.

"ಮತ್ತೆ ಡ್ರೈವರ್ ಕೆಲಸಕ್ಕೆ ಯಾಕಮ್ಮ ಬಂದೆ?"

"ಮಾತಾಡಿಸ್ತೀರಲ್ಲ ಸಾರ್, ಅದಕ್ಕೆ" ಅಂದೆ.

೫. ಹಿತ್ತಲ ಬಾಗಿಲು

ಚಳಿ ಹೆಚ್ಚಿತು. ಇವರು ಟಿಕೆಟ್ಟಿನ ಮಾತು ಎತ್ತಿದರು. ಆಗ ಇವರ ಗ್ಯಾರೇಜಿನ ಮಾಲೀಕ, ತನಗೆ ಗೊತ್ತಿರುವ ಒಂದು ಮನೆಗೆ ಕೆಲಸದವರು ಬೇಕಾಗಿದ್ದಾರೆ, ತಾನು ಹೇಳಿಟ್ಟಿದ್ದೇನೆ, ನಾಳೆ ನಿನ್ನ ಹೆಂಡತಿ ಹೋಗಲಿ ಅಂದನಂತೆ. ಬೀದಿ ಹೆಸರು ಹೇಳಿ, ಮೂಲೆಯಿಂದ ಮೂರನೇ ಮನೆ ಅಂದನಂತೆ.

ಹೋದೆ. ಮನೆಗೆಲಸ ಕೇಳೋಕೆ ಹೋದವರು ಮುಂಬಾಗಿಲು ತಟ್ಟುತ್ತಾರಾ? ನಮ್ಮೂರಲ್ಲಿ ಹಾಗೆ ಹೋದರೆ "ಏನವ್ವ, ನೆಂಟ್ರಂಗೆ ಬಂದ್ಬುಟ್ಟೆ" ಅಂತಾರೆ. ಹಿತ್ತಲಿಂದ ಹೋಗಬೇಕು. ಅಲ್ಲಿಯೂ ಮನೆಗಳ ಹಿಂದೆ ಒಂದು ಓಣಿ ಇತ್ತು, ಎರಡು ಬೀದಿಯ ಹಿತ್ತಲುಗಳೂ ಆ ಓಣಿಗೇ ಬರುತ್ತವೆ. ಮೂರನೇ ಹಿತ್ತಲು ಎಣಿಸಿ, ಚಪ್ಪಲಿ ಬಿಟ್ಟು, ಆ ಚಳಿಯಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ತಟ್ಟಿದೆ.

ಅರವತ್ತು ದಾಟಿದ ಗಟ್ಟಿ ಹೆಂಗಸು ಕೋಲೂರಿಕೊಂಡು ಬಂದಳು. ಬಸ್ಸು ಓಡಿಸಿ ರಿಟೈರ್ ಆದವಳು, ಮದುವೆ ಮಾಡಿಕೊಂಡವಳಲ್ಲ, ಮಂಡಿ ಆಪರೇಷನ್ ಆಗಿತ್ತು. ಇದೆಲ್ಲ ಆಮೇಲೆ ಗೊತ್ತಾಗಿದ್ದು. "ಕೆಲಸಕ್ಕೆ ಬಂದಿದ್ದೀನಿ" ಅಂದೆ. ನನ್ನ ಮುಖ ನೋಡಿದಳು, ಕಾಲು ನೋಡಿದಳು, "ಬಾ ಒಳಗೆ" ಅಂದಳು.

ದಿನಾ ಬೆಳಿಗ್ಗೆ ಹೋಗತೊಡಗಿದೆ. ಗುಡಿಸಿ, ಒರೆಸಿ, ಬಟ್ಟೆ ಮಡಚೋದು. ವಾರಕ್ಕೊಮ್ಮೆ ಕೈಗೆ ಸಂಬಳ. ಕೆಲಸ ಮುಗಿದರೆ ಟೀ ಕುಡಿಯುತ್ತಾ ಮಾತು. ಅವಳು ಬಸ್ಸಿನ ಕತೆ ಹೇಳೋಳು, ನಾನು ಎಮ್ಮೆ ಕತೆ ಹೇಳೋಳು. ಒಂದೇ ಬೇಜಾರು, ಅಷ್ಟು ಗಲೀಜು ಹೆಂಗಸನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಿನ್ನೆ ಮಡಚಿಟ್ಟ ಬಟ್ಟೆ ಇವತ್ತು ನೆಲದ ಮೇಲೆ. ತೊಳೆದಿಟ್ಟ ತಟ್ಟೆ ಲೋಟ ಎಲ್ಲ ಮತ್ತೆ ಸಿಂಕಿನಲ್ಲಿ. ಇರೋದು ಒಬ್ಬಳು, ಪಾತ್ರೆ ಮದುವೆ ಮನೆಯಷ್ಟು. ಮನಸ್ಸಿನಲ್ಲೇ ಬೈದುಕೊಂಡು ತೊಳೆಯುತ್ತಿದ್ದೆ.

ಮೊದಲ ಮಂಜು ಬಿದ್ದ ದಿನ ಇವರು ಗ್ಯಾರೇಜಿನಿಂದ ಮುಖ ಊದಿಸಿಕೊಂಡು ಬಂದರು.

"ಅಮ್ಮಿ, ದಿನಾ ಎಲ್ಗೋಯ್ತಿದ್ದೆ ನೀನು?"

"ಕೆಲಸಕ್ಕೆ, ಇನ್ನೆಲ್ಲಿಗೆ?"

"ಆ ಮನೆಯೋರು ಕಾದೂ ಕಾದೂ ಬೇರೆಯವ್ರನ್ನ ಇಟ್ಕಂಡವ್ರಂತೆ! ನೀನು ಒಂದಿನಾನೂ ಆ ಕಡೆ ತಲೆ ಆಕಿಲ್ಲ ಅಂತ ಮಾಲೀಕ ನನ್ನ ಉಗಿದ್ಬುಟ್ಟ!"

ಮೊದಲ ದಿನ ಹೋದ ದಾರಿ ನೆನೆಸಿಕೊಂಡೆ. ಓಣಿಯಲ್ಲಿ ಈ ಕಡೆ ತಿರುಗೋ ಬದಲು ಆ ಕಡೆ ತಿರುಗಿ, ಹಿಂದಿನ ಬೀದಿಯವರ ಹಿತ್ತಲಿಗೆ ನುಗ್ಗಿಬಿಟ್ಟಿದ್ದೆ! ಕರೆಯದೆ ಇದ್ದವರ ಮನೆಗೆ ಹೋಗಿ, ಕೇಳದೆ ಇದ್ದ ಕೆಲಸ ಮಾಡಿ, ಸಂಬಳವನ್ನೂ ಇಸಿದುಕೊಂಡು ಬಂದಿದ್ದೆ. ಕೆಲಸವೂ ಹೋಯಿತು, ಮಾನವೂ ಹೋಯಿತು, ಇನ್ನು ಊರಿನ ದಾರಿಯೇ ಗತಿ ಅಂತ ಆ ರಾತ್ರಿಯೆಲ್ಲ ಅತ್ತೆ.

ಬೆಳಿಗ್ಗೆ ಮಂಜು ತುಳಿದುಕೊಂಡು ಹೋಗಿ ಅವಳ ಮುಂದೆ ನಿಂತು, "ತಪ್ಪಾಯಿತು, ನಾನು ಬರಬೇಕಾಗಿದ್ದು ನಿಮ್ಮ ಮನೆಗಲ್ಲ, ಹಿಂದಿನ ಮನೆಗೆ" ಅಂದೆ.

"ಗೊತ್ತು" ಅಂದಳು.

"ಯಾವಾಗ ಗೊತ್ತಾಯಿತು?"

"ನೀನು ಬಾಗಿಲು ತಟ್ಟಿದ ದಿನ. ನಾನು ಯಾರನ್ನೂ ಕೆಲಸಕ್ಕೆ ಕರೆದಿರಲಿಲ್ಲವಲ್ಲ."

"ಹೇಳಬಾರದಿತ್ತಾ?"

"ಹೇಳಿದ್ದರೆ ನೀನು ಹೋಗಿಬಿಡುತ್ತಿದ್ದೆ" ಅಂದಳು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಕೂತು, "ಆದರೆ ನೀನು ಬಹಳ ಬೇಗ ಕೆಲಸ ಮುಗಿಸುತ್ತೀಯಮ್ಮ. ದಿನಾ ಸಾಯಂಕಾಲ ಬಟ್ಟೆ ಎಳೆದುಹಾಕಿ, ಪಾತ್ರೆ ಇಳಿಸಿ ಸಿಂಕಿಗೆ ಹಾಕುವ ಹೊತ್ತಿಗೆ ನನಗೆ ಸುಸ್ತಾಗಿ ಹೋಗುತ್ತೆ" ಅಂದಳು.

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅವಳೂ ಮಾಡಿದಳು. ಟೀ ಆಯಿತು. ಹೊರಗೆ ಮಂಜು ಸುರಿಯುತ್ತಲೇ ಇತ್ತು. ಕೆಲಸ ಮುಗಿಸಿ ಹೊರಡುವಾಗ ಅವಳು ಅಡುಗೆಮನೆಯಿಂದ ಕೂಗಿದಳು:

"ಹೋಗೋ ಮುಂಚೆ ಆ ಮೇಲಿನ ಅಟ್ಟದ ಪಾತ್ರೆಗಳನ್ನು ಸ್ವಲ್ಪ ಇಳಿಸಿಕೊಡು. ನನಗೆ ಕೈ ಎಟುಕಲ್ಲ, ನಾಳೆಗೆ ಗಲೀಜು ಮಾಡಿಡಬೇಕು."