ಮೇಷ್ಟ್ರ ನಾಲ್ಕನೆಯ ಪಟ್ಟಿ

ಇಷ್ಟಕ್ಕೆಲ್ಲ ಕಾರಣ ಡೋರ್ಕಾಸಮ್ಮ ಶನಿವಾರ ಬೆಳಿಗ್ಗೆ ಬೇಲಿಯ ಮೇಲಿಂದ ಆಡಿದ ಒಂದೇ ಒಂದು ಮಾತು.

ಪಕ್ಕದ ಮನೆಯ ಫಿಲಿಸ್ಟಾ ಕೇಳಿದ್ದು ಇಷ್ಟೆ: "ಅಕ್ಕಾ, ಇವತ್ತು ನಮ್ಮ ಬೀದಿ ಮದ್ವೆ ಕಮಿಟಿ ಮೀಟಿಂಗಿಗೆ ಮೇಷ್ಟ್ರು ಬರ್ತಾರೆ ತಾನೆ? ಅಧ್ಯಕ್ಷರೇ ಇಲ್ದಿದ್ರೆ ಹೆಂಗೆ?"

ಡೋರ್ಕಾಸಮ್ಮನ ಕಂಕುಳಲ್ಲಿ ಒದ್ದೆ ಬಟ್ಟೆಯ ಬುಟ್ಟಿ, ಬಾಯಲ್ಲಿ ಎರಡು ಕ್ಲಿಪ್ಪು. ಗಂಡನ ಹವ್ಯಾಸವನ್ನು ಬಿಡಿಸಿ ಹೇಳುವ ತಾಳ್ಮೆ ಅವಳಿಗಿರಲಿಲ್ಲ. "ಅವರೆಲ್ಲಿ ಬರ್ತಾರೆ ಮಾರಾಯ್ತಿ! ಇವತ್ತು ಲಂಡನ್ನಿಗೆ ಹೋಗ್ತಿದಾರಲ್ಲ" ಎಂದು ಹೇಳಿ ಬಟ್ಟೆ ಹರವಲು ಹೋದಳು.

ಫಿಲಿಸ್ಟಾಳ ಕಿವಿಗೆ ಬಿದ್ದ ಸುದ್ದಿ ಕಿಸುಮು ಪಟ್ಟಣದ ಆ ಬೀದಿಯ ಕೊನೆ ಮುಟ್ಟಲು ಕಾಲು ಗಂಟೆ ಸಾಕು.

ನಾಫ್ತಾಲಿ ಒಗ್ವೆನೊ ಮೇಷ್ಟ್ರು ಮೂವತ್ತೈದು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವರು. ನೈಲ್ ನದಿ ಎಲ್ಲಿ ತಿರುಗುತ್ತದೆ, ಆಲ್ಪ್ಸ್ ಪರ್ವತದಲ್ಲಿ ಹಿಮ ಯಾವಾಗ ಕರಗುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಕೀನ್ಯಾದ ಗಡಿ ದಾಟಿದವರಲ್ಲ. ನಿವೃತ್ತಿಯಾದ ಮೇಲೆ ಕೋಳಿ ಆಹಾರ ಇಡುವ ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿ, ಕಂಪ್ಯೂಟರು, ಹಿಡಿಗೋಲು, ಕಾಲ್ತುಳಿ ಎಲ್ಲ ಜೋಡಿಸಿ, ಪ್ರಯಾಣಿಕರ ದೊಡ್ಡ ವಿಮಾನವನ್ನು ಪರದೆಯ ಮೇಲೆ ಥೇಟ್ ನಿಜದಂತೆಯೇ ಹಾರಿಸತೊಡಗಿದರು. ಥೇಟ್ ಎಂದರೆ ಥೇಟ್. ಎಂಟೂವರೆ ಗಂಟೆಯ ದಾರಿಯಾದರೆ ಎಂಟೂವರೆ ಗಂಟೆ ಕೂರಬೇಕು. ಬಿಳಿ ಅಂಗಿ, ಕಪ್ಪು ಟೈ, ಭುಜದ ಮೇಲೆ ಚಿನ್ನದ ಬಣ್ಣದ ಮೂರು ಪಟ್ಟಿ. ಅಂಗಿಗೆ ಇಸ್ತ್ರಿ ಇಲ್ಲದಿದ್ದರೆ ಆ ದಿನ ವಿಮಾನವೇ ರದ್ದು.

ಮೂರು ಪಟ್ಟಿ ಎಂದರೆ ಸಹ ಪೈಲಟ್. ನಾಲ್ಕನೆಯದು ಬಿದ್ದರೆ ಕ್ಯಾಪ್ಟನ್. ಇಂಥ ಹುಚ್ಚಿನವರೆಲ್ಲ ಸೇರಿ ಇಂಗ್ಲೆಂಡಿನಲ್ಲಿ ಕಟ್ಟಿಕೊಂಡಿದ್ದ ಸಂಘವೊಂದು ಆ ಪಟ್ಟಿಗೆ ಪರೀಕ್ಷೆ ಇಟ್ಟಿತ್ತು. ನೈರೋಬಿಯಿಂದ ಲಂಡನ್ನಿಗೆ ಒಂದೇ ಹಾರಾಟ. ನಡುವೆ ಪರೀಕ್ಷಕ ಯಾವಾಗ ಬೇಕಾದರೂ ರೇಡಿಯೋದಲ್ಲಿ ಕರೆಯುತ್ತಾನೆ. ಒಂದು ನಿಮಿಷದೊಳಗೆ ಉತ್ತರ ಕೊಡದಿದ್ದರೆ ಫೇಲು. ಮೇಷ್ಟ್ರು ಎರಡು ಸಲ ಫೇಲಾಗಿದ್ದರು. ಒಮ್ಮೆ ಸುಡಾನಿನ ಮೇಲೆ ಕರೆಂಟು ಹೋಯಿತು. ಇನ್ನೊಮ್ಮೆ ಆಲ್ಪ್ಸ್ ಮೇಲೆ ಇದ್ದಾಗ ಡೋರ್ಕಾಸಮ್ಮ ಇಸ್ತ್ರಿಪೆಟ್ಟಿಗೆಗಾಗಿ ಪ್ಲಗ್ಗು ಕಿತ್ತಳು. ಮೂರನೆಯ ಸಲವೂ ತಪ್ಪಿದರೆ ಮೂರು ಪಟ್ಟಿಯೂ ಹೋಗಿ ಮತ್ತೆ ಒಂದನೆಯ ಕ್ಲಾಸು. ಮಕ್ಕಳನ್ನು ಫೇಲು ಮಾಡಿಯೇ ಹೆಸರಾದ ಮೇಷ್ಟ್ರಿಗೆ ಈ ಚಿಂತೆಯಲ್ಲಿ ವಾರದಿಂದ ಊಟ ರುಚಿಸಿರಲಿಲ್ಲ. ಜನ ಜೀವಮಾನವಿಡೀ 'ಮೇಷ್ಟ್ರೇ, ಮೇಷ್ಟ್ರೇ' ಎಂದು ಕರೆದದ್ದಾಯಿತು. ಸಾಯುವುದರೊಳಗೆ ಒಬ್ಬನಾದರೂ 'ಕ್ಯಾಪ್ಟನ್' ಎನ್ನಲಿ ಎಂಬುದು ಅವರ ಆಸೆ.

ಈ ಸಲ ಅವರು ಹುಷಾರಾಗಿದ್ದರು. ಎದುರುಮನೆಯ ಒಚೋಲ ಬಾಡಿಗೆಗೆ ಜನ ಸಾಗಿಸುವ ಮಟಾಟು ವ್ಯಾನಿಗೆ ಅಂದು ರಜೆ. ಅದರ ಬ್ಯಾಟರಿಯನ್ನು ಕಾಡಿ ಬೇಡಿ ತಂದು ಇನ್ವರ್ಟರಿಗೆ ಜೋಡಿಸಿ ಮೇಜಿನ ಕೆಳಗೆ ಇಟ್ಟಿದ್ದರು. ಕೋಣೆಯ ಬಲ್ಬು ಸುಟ್ಟಿತ್ತು. ಅದನ್ನು ಬದಲಿಸಲು ಎಂದಿನಂತೆ ಡೋರ್ಕಾಸಮ್ಮನೇ ಸ್ಟೂಲು ಹತ್ತಿದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಸ್ಟೂಲು ಹಿಡಿದಿದ್ದರು. ಒಂಬತ್ತಕ್ಕೆ ಸರಿಯಾಗಿ ವಿಮಾನ ನೈರೋಬಿ ಬಿಟ್ಟಿತು.

ಹನ್ನೊಂದಕ್ಕೆ ಬಾಗಿಲು ತೆರೆದು ಫಿಲಿಸ್ಟಾ ಒಳಗೆ ಬಂದಳು. ತಲೆಯ ಮೇಲೆ ಒಂದು ಗಂಟು, ಕೈಯಲ್ಲೊಂದು ಗಂಟು.

"ಅಯ್ಯೋ ಮೇಷ್ಟ್ರೇ, ಆಗ್ಲೇ ಯೂನಿಫಾರ್ಮ್ ಹಾಕ್ಕೊಂಡು ರೆಡಿಯಾಗಿದೀರಾ! ಲಂಡನ್ನಿಗೆ ಹೋಗೋದು ನಮಗೊಂದು ಮಾತು ಹೇಳ್ಬಾರ್ದಾ? ತಗೊಳಿ, ಒಮೆನಾ ಮೀನು ಒಣಗ್ಸಿದ್ದು. ನನ್ನ ಮಗಳಿಗೆ ಕೊಡಿ. ಅಲ್ಲಿ ಮೀನಿಗೆ ವಾಸ್ನೇನೇ ಇರಲ್ವಂತೆ, ಮಗು ಸೊರಗಿಹೋಗಿದೆ."

"ಫಿಲಿಸ್ಟಾ, ಈಗ ಮಾತಾಡೋ ಹಾಗಿಲ್ಲ, ನಾನು ಸುಡಾನ್ ಮೇಲೆ ಇದೀನಿ…"

"ಪಾಪ, ಈಗ್ಲೇ ಗಾಬರಿ" ಎಂದು ಆಕೆ ಹೊರಗೆ ಹೋಗಿ ಉಳಿದವರನ್ನು ಕರೆದಳು.

ಸಮುದ್ರ ದಾಟುವವರನ್ನು ಬರಿಗೈಲಿ ಕಳಿಸುವ ಪದ್ಧತಿ ಆ ಬೀದಿಯಲ್ಲಿಲ್ಲ. ರಾಗಿ ಹಿಟ್ಟು ಬಂತು, ಕಡಲೆಕಾಯಿ ಅರೆದದ್ದು ಬಂತು, ಕಾಲು ಕಟ್ಟಿದ ಒಂದು ಹುಂಜವೂ ಬಂತು. ಮೇಷ್ಟ್ರ ಸುತ್ತ ಸಂತೆ ನೆರೆಯಿತು. ಹಿಂದೆಯೇ ಪಾದ್ರಿ ಎಝ್ರಾ ಬಂದರು. ಪ್ರಾರ್ಥನೆ ಇಲ್ಲದೆ ಯಾರಾದರೂ ವಿಮಾನ ಹತ್ತುವುದುಂಟೆ? ಪಾದ್ರಿಗಳು ಮೇಷ್ಟ್ರ ತಲೆಯ ಮೇಲೆ ಎರಡೂ ಕೈ ಊರಿ, ಕಣ್ಣು ಮುಚ್ಚಿ, ಆದಾಮನ ಕಾಲದಿಂದ ಶುರುಮಾಡಿದರು. ಸರಿಯಾಗಿ ಆಗಲೇ ಪರೀಕ್ಷಕನ ಕರೆ ಬಂತು. ಮೇಷ್ಟ್ರು ಪಾದ್ರಿಯ ಕೈಯ ಕೆಳಗಿನಿಂದಲೇ ಗಡಗಡನೆ ಒದರಿದರು: "ಮೂರು ಎಂಟು ಸೊನ್ನೆ, ದಿಕ್ಕು ಮೂರು ಮೂರು ಐದು, ಇಂಧನ ನಲವತ್ತೊಂದು, ರೋಜರ್!"

ಮೇಷ್ಟ್ರ ಮೇಲೆ ಪವಿತ್ರಾತ್ಮ ಇಳಿದು ಅನ್ಯಭಾಷೆ ನುಡಿಸಿತೆಂದು ಪಾದ್ರಿಗಳು ರೋಮಾಂಚನಗೊಂಡರು. "ಹಲ್ಲೆಲೂಯಾ!" ಎಂದರು. ಕೋಣೆಯವರೆಲ್ಲ "ಹಲ್ಲೆಲೂಯಾ!" ಎಂದರು. ಹುಂಜವೂ ಕೂಗಿತು. ಅತ್ತ ಇಂಗ್ಲೆಂಡಿನ ಪರೀಕ್ಷಕ "ಪ್ರಯಾಣಿಕರು ಸಂತೋಷವಾಗಿರುವಂತೆ ಕಾಣುತ್ತದೆ" ಎಂದಷ್ಟೇ ಹೇಳಿದ.

ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಕೈ ಬಿಡಲಿಲ್ಲ, ಪರದೆ ಉಳಿಯಿತು. ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಅದು ಮುಗಿಯುವ ಮೊದಲೇ ಒಚೋಲ ನುಗ್ಗಿ ಬಂದ.

"ಮೇಷ್ಟ್ರೇ, ಬ್ಯಾಟರಿ ಕೊಡಿ! ನಿಮ್ಮನ್ನ ಏರ್‌ಪೋರ್ಟಿಗೆ ಬಿಡೋಕೆ ಅಂತ ಹದಿನಾಲ್ಕು ಜನ ವ್ಯಾನಲ್ಲಿ ಕೂತಿದಾರೆ, ಗಾಡಿ ಸ್ಟಾರ್ಟೇ ಆಗ್ತಿಲ್ಲ!" ಎನ್ನುತ್ತ ಅವನು ಮೇಜಿನ ಕೆಳಗೆ ಬಗ್ಗಿದ.

"ಮುಟ್ಬೇಡ!" ಎಂದು ಮೇಷ್ಟ್ರು ಕಿರುಚಿದ ರೀತಿಗೆ ಇಡೀ ಕೋಣೆ ಹಳೆಯ ಏಳನೆಯ ಕ್ಲಾಸಿನಂತೆ ತೆಪ್ಪಗಾಯಿತು. "ನಾನು ಯಾವ ಏರ್‌ಪೋರ್ಟಿಗೂ ಹೋಗ್ತಿಲ್ಲ. ನಾನು ಆಗ್ಲೇ ಹೊರಟಾಗಿದೆ. ಇದೇ ವಿಮಾನ, ಇದೇ ಸೀಟು. ಸಂಜೆ ಐದೂವರೆಗೆ ಲಂಡನ್ನು. ಅಲ್ಲೀವರೆಗೆ ಈ ಬ್ಯಾಟರಿ ಕಿತ್ರೆ ನನ್ನ ಜೀವ ಕಿತ್ತ ಹಾಗೆ."

ಎಲ್ಲರೂ ಪರದೆ ನೋಡಿದರು. ಅಲ್ಲಿ ಮರಳುಗಾಡು ಮೆಲ್ಲಗೆ ಹಿಂದೆ ಸರಿಯುತ್ತಿತ್ತು.

"ಹಂಗಾದ್ರೆ ನನ್ನ ಒಮೆನಾ?" ಎಂದಳು ಫಿಲಿಸ್ಟಾ.

ಮೊದಲು ನಕ್ಕವಳು ಡೋರ್ಕಾಸಮ್ಮ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರಾಡಿದ್ದನ್ನು ಕಂಡ ಪಾದ್ರಿಗಳು ಮಾತ್ರ ನಗಲಿಲ್ಲ. "ನಮ್ಮ ಮಕ್ಕಳಿಗೆಲ್ಲ ಪ್ರಪಂಚ ತೋರಿಸಿದವರು ಇವರು. ಇವತ್ತು ಇವರನ್ನ ನಾವು ಲಂಡನ್ ಮುಟ್ಟಿಸ್ಬೇಕು" ಎಂದರು.

ಅಲ್ಲಿಗೆ ಬೀದಿಯ ಬುದ್ಧಿ ಒಂದಾಯಿತು. ಬ್ಯಾಟರಿ ಸಂಜೆಯವರೆಗೆ ಬಾಳುವುದಿಲ್ಲವೆಂದು ಒಚೋಲ ಮುಟ್ಟಿ ನೋಡಿಯೇ ಹೇಳಿದ. ಇನ್ನೊಂದು ಬ್ಯಾಟರಿ ಕಡ ತಂದು, ಹದಿನಾಲ್ಕು ಜನರಿಂದ ವ್ಯಾನನ್ನು ತಳ್ಳಿಸಿ ಕಿಟಕಿಗೆ ತಂದು ನಿಲ್ಲಿಸಿ, ಎಂಜಿನ್ ಓಡಿಸಿ, ಅದರಿಂದ ಒಳಕ್ಕೆ ತಂತಿ ಎಳೆದ. ಅದರ ಗುರುಗುರು ಸದ್ದಿನಿಂದ ವಿಮಾನಕ್ಕೆ ಇನ್ನಷ್ಟು ಕಳೆ ಬಂತು. ಚರ್ಚಿನ ಕುರ್ಚಿಗಳು ಬಂದು ಎರಡೆರಡು ಸಾಲಾಗಿ ಕೂತವು. ಈಜಿಪ್ಟ್ ದಾಟುವ ಹೊತ್ತಿಗೆ ಡೋರ್ಕಾಸಮ್ಮ ಎಲ್ಲರಿಗೂ ಉಗಾಲಿ ಮುದ್ದೆ ಬಡಿಸಿದಳು, ಜೊತೆಗೆ ಹುರಿದ ಒಮೆನಾ. ತನ್ನ ಮಗಳ ಪಾಲನ್ನು ಫಿಲಿಸ್ಟಾಳೇ ಎರಡು ಸಲ ಹಾಕಿಸಿಕೊಂಡಳು.

ಮೇಷ್ಟ್ರು ಹಿಂದೆ ತಿರುಗದೆಯೇ ಪಾಠ ಮಾಡುತ್ತ ಹೋದರು. ಬಲಕ್ಕೆ ಗ್ರೀಸ್, ಎಡಕ್ಕೆ ಇಟಲಿಯ ಹಿಮ್ಮಡಿ. ಇಷ್ಟು ಶ್ರದ್ಧೆಯ ಕ್ಲಾಸು ಅವರಿಗೆ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ. ಆಲ್ಪ್ಸ್ ಬಂದಾಗ ಮಾತ್ರ ಬೆನ್ನ ಹಿಂದೆ ಪಿಸುಪಿಸು ಕೇಳಿತು, ಒಂದಾದ ಮೇಲೊಂದು ಫೋನು ಟಿಣ್ ಎಂದವು. "ವಿಮಾನದಲ್ಲಿ ಫೋನ್ ಆಫ್ ಮಾಡ್ರಿ!" ಎಂದು ಅವರು ಗದರಿದರು.

ಲಂಡನ್ನಿನ ಮೇಲೆ ಮೋಡ, ಅಡ್ಡಗಾಳಿ. ಫಿಲಿಸ್ಟಾ ಸೊಂಟದ ವಸ್ತ್ರ ಬಿಚ್ಚಿ ತನ್ನನ್ನು ಕುರ್ಚಿಗೆ ಬಿಗಿದುಕೊಂಡಳು. ರೆಕ್ಕೆ ವಾಲಿತು, ಹಿಂದಿನ ಎರಡು ಸಾಲೂ ವಾಲಿದವು. ಚಕ್ರ ನೆಲ ಮುಟ್ಟಿದ್ದು ಪರದೆಯಲ್ಲಿ ನೋಡಿದವರಿಗಷ್ಟೇ ಗೊತ್ತಾಯಿತು, ಅಷ್ಟು ಮೆತ್ತಗೆ.

"ಅಭಿನಂದನೆಗಳು" ಎಂದಿತು ರೇಡಿಯೋ. "ನಾಲ್ಕನೆಯ ಪಟ್ಟಿ ನಿಮ್ಮದು."

ಚಪ್ಪಾಳೆಗೆ ತಗಡಿನ ಮಾಡು ಅದುರಿತು. ಮೇಷ್ಟ್ರು ಟೈ ತುದಿಯಿಂದ ಕಣ್ಣೊರೆಸಿಕೊಂಡರು. ಡೋರ್ಕಾಸಮ್ಮ ತನ್ನ ಹಳದಿ ರಿಬ್ಬನ್ ಕತ್ತರಿಸಿ ಅವರ ಭುಜಕ್ಕೆ ಪಿನ್ನು ಚುಚ್ಚಿದಳು.

ಪಾದ್ರಿಗಳು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಇಷ್ಟು ಚೆನ್ನಾಗಿ ಹಾರಿಸೋರು ಒಂದ್ಸಲಾನಾದ್ರೂ ನಿಜವಾದ ವಿಮಾನ ಹತ್ತಬೇಡ್ವಾ? ಆಲ್ಪ್ಸ್ ಮೇಲೆ ನಾವೆಲ್ಲ ಸೇರಿ ಹರಾಂಬೆ ಮಾಡಿದ್ವಿ. ಒಬ್ರೂ ತಪ್ಪಿಸ್ಕೊಳ್ಳದೆ ಫೋನಲ್ಲೇ ಚಂದಾ ಹಾಕಿದಾರೆ. ಲಂಡನ್ನಿಗೆ ಸಾಲಲ್ಲ, ನೈರೋಬಿಗೆ ಸಾಕು. ನಾಳೆ ಬೆಳಿಗ್ಗೆ ಏಳು ಗಂಟೆ ವಿಮಾನ, ಕಿಟಕಿ ಪಕ್ಕದ ಸೀಟು! ನನ್ನ ತಂಗಿ ಮಗಳು ನಾಳೆ ನೈರೋಬಿಯಿಂದ ಲಂಡನ್ನಿಗೆ ಹೊರಡ್ತಾಳೆ. ಪಾರ್ಸೆಲ್ ಎಲ್ಲ ಅವಳ ಕೈಗೆ ಕೊಟ್ಬಿಡಿ."

"ನಾನು ಬೇರೆ ಒಮೆನಾ ಕಟ್ಟಿ ತರ್ತೀನಿ" ಎಂದಳು ಫಿಲಿಸ್ಟಾ.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಹೆಗಲ ವಸ್ತ್ರ ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಅವಳೊಬ್ಬಳಿಗೇ ಗೊತ್ತು: ತಮ್ಮ ಮಗಳ ಪದವಿ ಸಮಾರಂಭಕ್ಕೆ ನೈರೋಬಿಗೆ ಮುಕ್ಕಾಲು ಗಂಟೆಯಲ್ಲಿ ಹಾರಬಹುದಾಗಿದ್ದಾಗ ಮೇಷ್ಟ್ರು "ಭೂಗೋಳ ನೋಡ್ಕೊಂಡು ಹೋಗೋಣ" ಎಂದು ಎಂಟು ಗಂಟೆ ಬಸ್ಸಿನಲ್ಲಿ ಕೂಡಿಸಿದ್ದು ಯಾಕೆಂದು. ಏಣಿಯ ಎರಡನೆಯ ಮೆಟ್ಟಿಲು ಹತ್ತಿದರೆ ಸಾಕು, ಅವರು ಕಣ್ಣು ಮುಚ್ಚಿ ಏಣಿಯನ್ನೇ ತಬ್ಬಿಕೊಳ್ಳುತ್ತಿದ್ದರು. ಇಂದು ಬೆಳಿಗ್ಗೆಯಾಗಿದ್ದರೆ 'ಎತ್ತರ ಅಂದ್ರೆ ಭಯ ಕಣ್ರಪ್ಪಾ' ಎಂದು ಒಪ್ಪಿಕೊಳ್ಳಬಹುದಿತ್ತೇನೋ. ಭುಜದ ಮೇಲೆ ನಾಲ್ಕು ಪಟ್ಟಿ ಏರಿಸಿಕೊಂಡು ಹೇಗೆ ಹೇಳುವುದು?

ಜನ ಚದುರಿದ ಮೇಲೆ ಮೇಷ್ಟ್ರು ಕಿಟಕಿಯ ಬಳಿ ತಂತಿ ಸುತ್ತುತ್ತಿದ್ದ ಒಚೋಲನನ್ನು ಸನ್ನೆ ಮಾಡಿ ಕರೆದರು.

"ಒಚೋಲ, ನಾಳೆ ನಸುಕಿಗೆ ನಿನ್ನ ವ್ಯಾನು ನೈರೋಬಿ ಕಡೆ ಹೋಗುತ್ತೇನಪ್ಪಾ? ಒಂದೇ ಒಂದು ಸೀಟು ಸಾಕು. ಯಾರಿಗೂ ಹೇಳ್ಬೇಡ."

ಒಚೋಲ ಎದೆ ಸೆಟೆಸಿ ನಿಂತು ಸಲ್ಯೂಟ್ ಹೊಡೆದ.

"ಆಗಲ್ಲ, ಕ್ಯಾಪ್ಟನ್ ಸಾಹೇಬ್ರೇ! ನಾಳೆ ಗಾಡಿ ಫುಲ್ಲು. ಇಡೀ ಬೀದಿ ನಿಮ್ಮನ್ನ ವಿಮಾನ ಹತ್ತಿಸೋಕೆ ಏರ್‌ಪೋರ್ಟಿಗೆ ಬರ್ತಿದೆ."